ರಟ್ಟಿನ ಎಂಜಿನ್ನು

ನಮ್ಮೂರು ಐಗಳಿಗೆ ರೈಲಿಲ್ಲ. ರೈಲನ್ನು ಕಾಣಬೇಕೆಂಬ ಆಸೆಯಿದ್ದವರು ಅಥಣಿಯನ್ನು ದಾಟಿ ಉಗಾರಕ್ಕೋ ಕುಡಚಿಗೋ ಹೋಗಬೇಕು. ಇಂಥ ಊರಿನವನಾದ ನಾನು ರೈಲು ಎಂಜಿನ್ನಿನ ಮಾದರಿಯೊಂದನ್ನು ಮಾಡಲು ಹೊರಟೆನೆಂದರೆ ವಾಚಕರಿಗೆ ನಗೆ ಬಂದೀತು. ನಮ್ಮ ಅವ್ವನಿಗೂ ನಗೆ ಬಂದಿತು. ಮಣೂಕ ತುಂಬಲು ತಂದಿಟ್ಟ ರಟ್ಟಿನ ಪೆಟ್ಟಿಗೆಗಳಿಗೆ ನಾನು ಕತ್ತರಿ ಹಾಕಿದ್ದನ್ನು ಕಂಡ ಮೇಲೆ ಆ ನಗೆ ಉಳಿಯಲಿಲ್ಲ.

ಈ ಹುಚ್ಚಿಗೆ ಕಾರಣರು ನಮ್ಮ ಮುತ್ಯಾ. ಅವರು 1970ರ ದಶಕದಲ್ಲಿ ಕುಡಚಿ, ಉಗಾರ, ಶೇಡಬಾಳಗಳ ನಡುವೆ ಹಳಿಯ ಮೇಲೆ ಗ್ಯಾಂಗಿನಲ್ಲಿ ದುಡಿದವರು. ಆಗ ಮಿರಜದಲ್ಲಿ ಮೂರು ಅಳತೆಯ ಹಳಿಗಳು ಕೂಡುತ್ತಿದ್ದವು. ಪುಣೆಯಿಂದ ಬ್ರಾಡ್ ಗೇಜು, ಪಂಢರಪುರದಿಂದ ನ್ಯಾರೋ ಗೇಜು, ಕೃಷ್ಣೆಯ ಸೇತುವೆಯನ್ನು ದಾಟಿ ಬರುವ ನಮ್ಮ ಕಡೆಯದು ಮೀಟರ್ ಗೇಜು. 1990ರ ದಶಕದಲ್ಲಿ ನಮ್ಮದೂ ಬ್ರಾಡ್ ಗೇಜಾಯಿತು. ಮುತ್ಯಾ ಕಂಡ ಎಂಜಿನ್ನುಗಳು ಆ ಹಳಿಗಳೊಡನೆಯೇ ಹೋದುವು. ಅವುಗಳಲ್ಲಿ ಒಂದನ್ನಾದರೂ ಅವರ ಕೈಯಲ್ಲಿಡಬೇಕೆಂಬುದು ನನ್ನ ಹಂಬಲವಾಯಿತು.

ನಾನು ಆರಿಸಿಕೊಂಡುದು ವೈಡಿಎಂ-4 ಎಂಬ ಡೀಸೆಲ್ ಎಂಜಿನ್ನು. ವೈ ಎಂದರೆ ಮೀಟರ್ ಗೇಜು, ಡಿ ಎಂದರೆ ಡೀಸೆಲ್, ಎಂ ಎಂದರೆ ಜನರ ಗಾಡಿಗೂ ಸರಕಿನ ಗಾಡಿಗೂ ಸಲ್ಲುವುದು. 1961ರಿಂದ ಅಮೆರಿಕದ ಆಲ್ಕೋ ಕಂಪನಿ ಇವುಗಳನ್ನು ಕಳಿಸಿತು. 1968ರಿಂದ ವಾರಾಣಸಿಯ ಕಾರ್ಖಾನೆಯಲ್ಲಿಯೇ ತಯಾರಾದುವು. ತೂಕ 72 ಟನ್ನು, ಗಾಲಿಯ ಅಡ್ಡಳತೆ 965 ಮಿಲಿಮೀಟರ್. ಐವತ್ತರಲ್ಲಿ ಒಂದು ಪಾಲಿನ ಮಾದರಿಯೆಂದು ನಿಶ್ಚಯಿಸಿದೆ. ಒಂದು ಮೀಟರಿನ ಹಳಿಯ ಅಂತರ 20 ಮಿಲಿಮೀಟರಾಯಿತು, ಗಾಲಿ ಸುಮಾರು 19 ಆಯಿತು. ಲೆಕ್ಕ ಇಷ್ಟು ಸುಲಭವಾದುದನ್ನು ಕಂಡು ಕೆಲಸವೂ ಸುಲಭವೆಂದುಕೊಂಡೆ.

ಹತ್ತಾರು ಛಾಯಾಚಿತ್ರಗಳನ್ನು ಕೂಡಿಹಾಕಿದ ಮೇಲೆ ತಿಳಿಯಿತು, ಒಂದರಂತೆ ಇನ್ನೊಂದಿಲ್ಲ! ಒಂದೇ ಜಾತಿಯ ಎಂಜಿನ್ನುಗಳಾದರೂ ವರುಷ ಕಳೆದಂತೆ ದುರಸ್ತಿಯಾಗುತ್ತವೆ. ದೀಪ ಬದಲಾಗುತ್ತದೆ, ಕಂಬಿ ಬದಲಾಗುತ್ತದೆ. ಎಲ್ಲ ಚಿತ್ರಗಳಿಂದ ಚೆಲುವಾದುದನ್ನೇ ಆರಿಸಿ ಜೋಡಿಸಿದರೆ ಒಬ್ಬನ ಮೂಗಿಗೆ ಇನ್ನೊಬ್ಬನ ಮೀಸೆ ಅಂಟಿಸಿದಂತಾಗಿ, ಯಾವ ಹಳಿಯ ಮೇಲೂ ಎಂದೂ ಓಡದ ಎಂಜಿನ್ನೊಂದು ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಒಂದೇ ಎಂಜಿನ್ನು, ಒಂದೇ ಕಾಲ ಎಂಬ ನಿಯಮವನ್ನು ಹಾಕಿಕೊಂಡೆ.

ಈ ಎಂಜಿನ್ನಿನ ಕೆಳಗೆ ಎರಡು ಬೋಗಿಗಳು. ಒಂದೊಂದಕ್ಕೆ ಮೂರು ಜೊತೆ ಗಾಲಿಗಳು. ಅವುಗಳನ್ನು ಸಮ ಅಂತರದಲ್ಲಿ ಕೂಡಿಸಿ ಮುತ್ಯಾನ ಮುಂದೆ ಇಟ್ಟೆ. ಅವರ ಕಣ್ಣು ಆಗಲೇ ಮಂದವಾಗಿತ್ತು. ಬೆರಳಾಡಿಸಿ ನೋಡಿ, "ಇದ್ಯಾವ ಎಂಜಿನ್ನೋ ತಮ್ಮಾ? ಮೂರೂ ಗಾಲಿ ಒಂದ ಅಳತಿಗೆ ಇರೂದಿಲ್ಲ. ಎರಡು ಹತ್ತರ, ಒಂದು ದೂರ" ಎಂದರು.

"ನಿನಗ ನೆನಪಿಲ್ಲ ಬಿಡು ಮುತ್ಯಾ" ಎಂದುಬಿಟ್ಟೆ. ಅವರು ಮತ್ತೆ ಮಾತಾಡಲಿಲ್ಲ.

ಎಂಟು ದಿನಗಳ ಮೇಲೆ ಎಂಜಿನ್ನನ್ನು ನೇರ ಪಕ್ಕದಿಂದ ತೆಗೆದ ಚಿತ್ರವೊಂದು ಸಿಕ್ಕಿತು. ಅಳತೆಪಟ್ಟಿ ಇಟ್ಟು ನೋಡಿದೆ. ಎರಡು ಹತ್ತಿರ, ಒಂದು ದೂರ! ಎಂಜಿನ್ನಿನೊಳಗೆ ಡೀಸೆಲ್ಲು ಉರಿದು ಹುಟ್ಟುವ ವಿದ್ಯುತ್ತು ಗಾಲಿಗಳ ಬಳಿಯ ಮೋಟಾರುಗಳಿಗೆ ಹೋಗುತ್ತದೆ. ಪ್ರತಿ ಅಚ್ಚಿಗೂ ಒಂದು ಮೋಟಾರು. ಅದು ಒಂದು ಪಕ್ಕಕ್ಕೆ ಮೂತಿ ಚಾಚಿಕೊಂಡಿರುವುದರಿಂದ ಎಡೆ ಸಮನಾಗಿರುವುದಿಲ್ಲ. ಮೋಟಾರಿನ ಮಾತು ಮುತ್ಯಾನಿಗೆ ಗೊತ್ತಿರಲಿಲ್ಲ, ಗಾಲಿಗಳು ಗೊತ್ತಿದ್ದುವು.

ನಾಚಿಕೊಂಡು ಹೋಗಿ ಹೇಳಿದೆ. ಅವರು ಗೆದ್ದೆನೆಂದು ಬೀಗಲಿಲ್ಲ. "ಗಾಡಿ ಬಂದಾಗ ನಾವು ಹಳಿ ಬಿಟ್ಟು ಕೆಳಗ ಇಳದು ನಿಲ್ತಿದ್ವಿ. ಕಣ್ಣಿನ ಮುಂದ ಹೋಗತಿದ್ದುದು ಗಾಲಿನ" ಎಂದರಷ್ಟೆ. ಮಾಡಿನ ಮೇಲೆ ಫ್ಯಾನು ಎಲ್ಲಿತ್ತೆಂದು ಕೇಳಿದೆ. "ಅದನ್ನ ಮ್ಯಾಲ ನಿಂತವನ್ನ ಕೇಳು" ಎಂದು ನಕ್ಕರು.

ವರುಷಗಟ್ಟಲೆ ಇತಿಹಾಸ ಓದಿದ ನನಗೆ ಆ ದಿನ ಇತಿಹಾಸದ ಒಂದು ಪಾಠವಾಯಿತು. ಒಬ್ಬೊಬ್ಬನು ತಾನು ನಿಂತ ಜಾಗದಿಂದ ಕಂಡುದನ್ನು ಚೆನ್ನಾಗಿ ಬಲ್ಲ. ಪ್ರವಾಸಿಗನಿಗೆ ಎಂಜಿನ್ನಿನ ಮುಖ ಗೊತ್ತು, ಮೇಲ್ಸೇತುವೆಯ ಮೇಲಿನವನಿಗೆ ಮಾಡು ಗೊತ್ತು, ಗ್ಯಾಂಗಿನವನಿಗೆ ಗಾಲಿ ಗೊತ್ತು. ಯಾರು ಎಲ್ಲಿ ನಿಂತಿದ್ದರೆಂದು ತಿಳಿಯದೆ ಅವರ ಮಾತನ್ನು ತಳ್ಳಿಹಾಕುವುದು ವಿದ್ಯೆಯಲ್ಲ.

ಅಂದಿನಿಂದ ಗಾಲಿ, ಸ್ಪ್ರಿಂಗು, ಬ್ರೇಕಿನ ಕಟ್ಟೆ ಎಲ್ಲವೂ ಮುತ್ಯಾನ ಬೆರಳಿನ ಪರೀಕ್ಷೆಗೆ ಒಳಪಟ್ಟುವು. ನಾನು ಸಂಗ್ರಹಿಸಿದ ಹಳೆಯ ಚಿತ್ರಗಳು ಕಪ್ಪುಬಿಳುಪಿನವು. ಪ್ರದರ್ಶನಕ್ಕೆ ನಿಲ್ಲಿಸಿದ ಎಂಜಿನ್ನುಗಳಿಗೆ ಹೊಸದಾಗಿ ಬಣ್ಣ ಬಳಿದಿರುತ್ತಾರಾದ್ದರಿಂದ ಅವನ್ನು ನಂಬುವಂತಿಲ್ಲ. ಬಣ್ಣವೊಂದನ್ನು ಅವರಿಂದಲೇ ತಿಳಿಯಬೇಕಾಗಿತ್ತು. ಬಣ್ಣ ಹಚ್ಚುವುದು ಕಡೆಯ ಕೆಲಸವಲ್ಲವೇ, ಕಡೆಗೆ ಕೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಪರೀಕ್ಷೆ ಬಂದಿತು. ಪರೀಕ್ಷೆ ಮುಗಿಸಿ ಊರಿಗೆ ಹೋಗುವಷ್ಟರಲ್ಲಿ ಮುತ್ಯಾ ಇರಲಿಲ್ಲ.

ಎಂಜಿನ್ನು ಈಗ ನಮ್ಮ ಮನೆಯ ಮಾಡದಲ್ಲಿ, ಅವರು ಊರುಗೋಲು ಇಡುತ್ತಿದ್ದಲ್ಲಿ, ಬರಿಯ ರಟ್ಟಿನ ಬಣ್ಣದಲ್ಲಿ ನಿಂತಿದೆ. ಬಣ್ಣ ಹಚ್ಚೆಂದು ಈಗ ಅವ್ವನೇ ಹೇಳುತ್ತಾಳೆ. ಹಚ್ಚಿದರೆ ಚೆಲುವಾದೀತು, ಆದರೆ ಅದು ಮುತ್ಯಾ ಕಂಡ ಎಂಜಿನ್ನಾಗದು.

ಮಿತ್ರರೇ, ನಿಮ್ಮಲ್ಲಿ ಅನೇಕರು ರಾಯಬಾಗ, ಕುಡಚಿ, ಉಗಾರಗಳ ಕಡೆಯವರು. ಆ ಮೀಟರ್ ಗೇಜಿನ ಗಾಡಿಯನ್ನು ಬಲ್ಲ ಹಿರಿಯರು ನಿಮ್ಮ ಮನೆಗಳಲ್ಲಿದ್ದಾರು. ಈ ಸಲ ಊರಿಗೆ ಹೋದಾಗ ಎಂಜಿನ್ನಿನ ಬಣ್ಣ ಯಾವುದಿತ್ತೆಂದು ಕೇಳಿಕೊಂಡು ಬನ್ನಿ. ಅವರು ಎಲ್ಲಿ ನಿಂತು ನೋಡಿದ್ದರೆಂಬುದನ್ನೂ ಮರೆಯದೆ ಕೇಳಿ.