ಇನ್ನೆಷ್ಟು ಬೇಗ?

ಮನೆಯ ಗಣಕಯಂತ್ರಕ್ಕೆ ಇನ್ನೂ ವೇಗದ ಡ್ರೈವ್ ಹಾಕಿಸಬೇಕೆಂದು ನಮ್ಮ ಮಗರಾಯ ಎರಡು ತಿಂಗಳಿಂದ ಪಟ್ಟು ಹಿಡಿದಿದ್ದಾನೆ. "ಅಪ್ಪಾ, ಈಗಿನದು ಎತ್ತಿನ ಗಾಡಿ" ಎಂಬುದು ಅವನ ವಾದ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಅವನು ಎತ್ತಿನ ಗಾಡಿಯನ್ನು ಎಂದು ಕಂಡಿದ್ದಾನೋ ನಾನರಿಯೆ!

ಕಂಡವನು ನಾನು. 2017ರವರೆಗೆ ಈ ಯಂತ್ರದೊಳಗಿದ್ದುದು ಹಾರ್ಡ್ ಡಿಸ್ಕ್. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಓಡಾಡಿ ಓದುವ ಕಡ್ಡಿ, ಗ್ರಾಮಾಫೋನಿನ ಮೊಮ್ಮಗನೆನ್ನಿ. ಇದರ ಮೂಲಪುರುಷನನ್ನು ಐಬಿಎಂ ಕಂಪನಿ 1956ರಲ್ಲಿ ಹೊರತಂದಾಗ, 50 ತಟ್ಟೆಗಳ, ಸುಮಾರು ಒಂದು ಟನ್ ತೂಕದ ಆ ಬೀರುವಿನಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ನಮ್ಮ ಯಂತ್ರ ಎಚ್ಚರಗೊಳ್ಳುವಷ್ಟರಲ್ಲಿ ನಮ್ಮಾಕೆ ಕಾಫಿ ಸೋಸಿ ತಂದಿಡುತ್ತಿದ್ದಳು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದ ದಿನದಿಂದ, ಡಿಕಾಕ್ಷನ್ ಇಳಿಯುವ ಮೊದಲೇ ಪರದೆ ಸಿದ್ಧ. ಆ ಖರ್ಚಿನ ವಿಷಯದಲ್ಲಿ ಇಂದಿಗೂ ಎರಡು ಮಾತಿಲ್ಲ.

ಈಗಿನ ಪ್ರಶ್ನೆ ಬೇರೆ. ನಮ್ಮಲ್ಲಿರುವ ಸಾಟಾ ಜಾತಿಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದುತ್ತದೆ. ಅದಕ್ಕಿಂತ ಹೆಚ್ಚು ಹರಿಯಲು ಆ ದಾರಿಯೇ ಬಿಡದು. ಎನ್‌ವಿಎಂಇ ಎಂಬ ಜಾತಿಯದು 3500 ಓದುತ್ತದೆ, ಅದಕ್ಕೂ ಹೊಸದು 7000. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಈ ಅಂಕಿಗಳನ್ನು ಕೇಳಿದರೆ ಎಂಥವನ ಕೈಯೂ ಜೇಬಿಗೆ ಹೋದೀತು. ಆದರೆ ಓದುಗರಲ್ಲಿ ಡೊಂಬಿವಲಿ, ಕಲ್ಯಾಣದ ಕಡೆಯವರಿಗೆ ಒಂದು ಲೆಕ್ಕ ಗೊತ್ತು. ಸ್ಲೋ ಲೋಕಲ್ ಬಿಟ್ಟು ಫಾಸ್ಟ್ ಹಿಡಿದರೆ ಸಮಯ ಉಳಿಯುತ್ತದೆ, ನಿಜ. ಇಳಿದ ಮೇಲೆ ರಿಕ್ಷಾದ ಸಾಲು ಎಲ್ಲರಿಗೂ ಒಂದೇ. ಯಂತ್ರ ಏಳುವುದು, ಪತ್ರ ಬರೆಯುವುದು, ಸಂಘದ ಜಮಾಖರ್ಚು ಕೂಡುವುದು, ಇವುಗಳಲ್ಲಿ ಡ್ರೈವಿನ ಪಾಲು ಅಲ್ಪ. ಆರು ಪಟ್ಟು ವೇಗವೆಂಬುದು ನನ್ನ ಮೇಜಿಗೆ ಬರುವಾಗ ಎರಡು ಮೂರು ಸೆಕೆಂಡಾಗಿ ಕರಗಿರುತ್ತದೆ.

ಮಗ ಸುಮ್ಮನಾಗುವವನಲ್ಲ. "ಅಜ್ಜಿಯ ಹಾಡುಗಳ ವಿಡಿಯೋ ಜೋಡಿಸುವಾಗ ನೋಡಪ್ಪಾ" ಎಂದ.

ಅವನು ಮುಟ್ಟಿದ್ದು ಮರ್ಮವನ್ನೇ. ನಮ್ಮ ತಾಯಿ ತೀರಿಕೊಳ್ಳುವ ಹಿಂದಿನ ವರ್ಷ, ಶಿರಸಿಯ ಮನೆಯ ಜಗಲಿಯಲ್ಲಿ ಕುಳಿತು ಹಸೆಯ ಹಾಡು, ಆರತಿಯ ಹಾಡು ಹೇಳಿದ್ದನ್ನೆಲ್ಲ ಅವನೇ ಹಿಡಿದಿಟ್ಟಿದ್ದಾನೆ, 40 ಗಿಗಾಬೈಟ್. ಅವುಗಳಲ್ಲಿ ಕೆಲವನ್ನು ಇನ್ನಾರ ಬಾಯಲ್ಲೂ ನಾನು ಕೇಳಿಲ್ಲ. ಅಷ್ಟನ್ನೂ ಒಮ್ಮೆ ಓದಲು ಈಗಿನ ಡ್ರೈವಿಗೆ ಒಂದೂಕಾಲು ನಿಮಿಷ, ಹೊಸದಕ್ಕೆ ಹನ್ನೆರಡು ಸೆಕೆಂಡು. ಒಪ್ಪಿದೆ. ಡ್ರೈವೇ ಕೆಟ್ಟರೆ? ಹಾರ್ಡ್ ಡಿಸ್ಕ್ ಸಾಯುವ ಮುನ್ನ ಕಟಕಟ ಎಂದು ನರಳುವುದುಂಟು. ಎಸ್‌ಎಸ್‌ಡಿ ಸದ್ದಿಲ್ಲದೆ ಕಣ್ಣು ಮುಚ್ಚಬಹುದು, ವೇಗದ್ದಾದರೂ ಅಷ್ಟೇ. ಅಳಿಸಿಹೋದುದನ್ನು ಅದರಿಂದ ಹಿಂಪಡೆಯುವುದೂ ಬಲು ಕಷ್ಟ. ವಿದ್ಯುತ್ತು ಕೊಡದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ, ಅದರೊಳಗೆ ಹಿಡಿದಿಟ್ಟ ವಿದ್ಯುದಂಶವೇ ಸೋರಿಹೋಗುವ ಭಯ ಬೇರೆ.

ಆದಕಾರಣ, ದೀಪಾವಳಿಗೆಂದು ತೆಗೆದಿಟ್ಟ ಹಣದಲ್ಲಿ ಎರಡು ಸಾಧಾರಣ ಹಾರ್ಡ್ ಡಿಸ್ಕ್ ಎಂದು ತೀರ್ಮಾನಿಸಿದೆ. ಒಂದು ನಮ್ಮ ಬೀರುವಿಗೆ, ಇನ್ನೊಂದು ಶಿರಸಿಯ ತಮ್ಮನ ಮನೆಗೆ. ಯಂತ್ರವನ್ನೇ ಬದಲಿಸುವ ಕಾಲಕ್ಕೆ ಎನ್‌ವಿಎಂಇ ಇರಲಿ. ಆಗಲೂ ಎಂ.2 ಎಂಬ ಪುಟ್ಟ ಪಟ್ಟಿಯ ಆಕಾರ ನೋಡಿ ಮರುಳಾಗುವಂತಿಲ್ಲ. ಅದೇ ಆಕಾರದಲ್ಲಿ ಸಾಟಾ ಡ್ರೈವೂ ಬರುತ್ತದೆ.

ಮಗನ ಮುಖ ಸ್ವಲ್ಪ ಸಣ್ಣದಾಯಿತು. ಆದರೂ ಶನಿವಾರ ಅಂಗಡಿಗೆ ಬರಲು ಒಪ್ಪಿದ್ದಾನೆ. ತಮ್ಮನಿಗೆ ಫೋನು ಮಾಡಿ ವಿಷಯ ತಿಳಿಸಿದೆ. "ಅಣ್ಣಾ, ಡಿಸ್ಕಿನ ಜೊತೆಗೆ ನೀನೂ ಬಾ. ಅದನ್ನು ಹಚ್ಚಲು ಇಲ್ಲಿ ಯಾರಿಗೂ ಬಾರದು" ಎಂದ.