ತೆರೆಯ ಮೇಲಿನ ಚುಕ್ಕೆ

ನನ್ನ ಉದ್ಯೋಗವೇನೆಂಬುದು ನಮ್ಮ ಮನೆಯವರಿಗೆ ಎಂದೂ ಸರಿಯಾಗಿ ತಿಳಿದುದಿಲ್ಲ. ಹೊನ್ನಾವರದಲ್ಲಿದ್ದ ನನ್ನ ತಾಯಿ, ತಾನು ಬದುಕಿದ್ದಷ್ಟು ಕಾಲವೂ, ನಾನು ರಾತ್ರಿಯೆಲ್ಲ ಚುಕ್ಕಾಣಿ ಹಿಡಿದು ನಿಂತಿರುತ್ತೇನೆಂದೇ ನಂಬಿದ್ದಳು. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ "ಕೈ ಬತ್ತು ಹೋಗಿದೆಯಲ್ಲೋ" ಎಂದು ಎಣ್ಣೆ ತಿಕ್ಕುವಳು. ನನ್ನ ಹೆಂಡತಿ ಒಂದೇ ಒಂದು ಸಲ ನನ್ನೊಡನೆ ಹಡಗಿನಲ್ಲಿ ಪಯಣಿಸಿದವಳು, ಕತ್ತಲೆಯ ಕೋಣೆಯಲ್ಲಿ ರಾಡಾರಿನ ತೆರೆಗೆ ಮುಖವಿಟ್ಟು ನಿಂತಿದ್ದ ನನ್ನನ್ನು ಕಂಡು, "ಟೆಲಿವಿಷನ್ ನೋಡುವುದಕ್ಕೂ ಸಂಬಳ ಕೊಡುತ್ತಾರೆಯೆ?" ಎಂದಳು. ಈಗ ಮೊಮ್ಮಗನ ಸರದಿ. ಮೊನ್ನೆ ತನ್ನ ಫೋನಿನಲ್ಲಿ ಅರಬ್ಬೀ ಸಮುದ್ರವನ್ನೇ ತೆರೆದಿಟ್ಟು, ಒಂದೊಂದು ಹಡಗಿನ ಹೆಸರು, ವೇಗ, ಹೋಗುವ ಊರು ಎಲ್ಲವನ್ನೂ ಓದಿ ಹೇಳಿ, "ಅಜ್ಜ, ಎಲ್ಲ ಇದರಲ್ಲೇ ಇದೆಯಲ್ಲ, ನೀನು ಅಲ್ಲಿ ಏನು ಮಾಡುತ್ತಿದ್ದೆ?" ಎಂದು ಕೇಳಿದ.

ಪ್ರಶ್ನೆ ನ್ಯಾಯವಾದುದೇ. ಆದರೆ ಅದರ ಉತ್ತರ ನನಗೆ ಅಷ್ಟು ಗೌರವ ತರುವಂಥದಲ್ಲ.

ರಾಡಾರಿನ ತೆರೆಯ ಮೇಲೆ ಹಡಗು ಹಡಗಿನಂತೆ ಕಾಣುವುದಿಲ್ಲ. ನೆತ್ತಿಯ ಮೇಲೆ ತಿರುಗುವ ತೊಲೆಯಂಥ ಆಂಟೆನಾ ಎರಡೂವರೆ ಮೂರು ಸೆಕೆಂಡುಗಳಿಗೊಮ್ಮೆ ಒಂದು ಸುತ್ತು ಬರುತ್ತದೆ. ಅದು ಕಳುಹಿಸಿದ ಅಲೆ ಎಲ್ಲಿಯೋ ತಾಗಿ ಮರಳಿ ಬಂದರೆ ತೆರೆಯಲ್ಲಿ ಒಂದು ಚುಕ್ಕೆ ಮೂಡುತ್ತದೆ. ಎರಡು ಲಕ್ಷ ಟನ್ನಿನ ತೈಲದ ಹಡಗಾಗಲಿ, ಮಳೆಯ ಮೋಡವಾಗಲಿ, ಎದ್ದ ಅಲೆಯ ಬೆನ್ನಾಗಲಿ, ಎಲ್ಲವೂ ಚುಕ್ಕೆಯೇ. ಅಲೆಗೂ ತೆರೆಯೆನ್ನುತ್ತೇವೆ, ಪರದೆಗೂ ತೆರೆಯೆನ್ನುತ್ತೇವೆ. ಕನ್ನಡದ ಈ ಚಮತ್ಕಾರ ನನಗೆ ಹೊಳೆದುದು ಎಷ್ಟೋ ರಾತ್ರಿಗಳ ಪಹರೆಯ ನಂತರ.

ಒಂದು ಚುಕ್ಕೆಯನ್ನು ಒಮ್ಮೆ ನೋಡಿದರೆ ಏನೂ ತಿಳಿಯದು. ಅದನ್ನು ಮತ್ತೆ ಮತ್ತೆ ನೋಡಬೇಕು. ಬೆಂಗಳೂರಿನ ಯಾವುದೇ ವೃತ್ತದಲ್ಲಿ ಸೈಕಲ್ ತುಳಿದವರಿಗೆ ಇದರ ಮರ್ಮ ಗೊತ್ತಿರುತ್ತದೆ. ಅಡ್ಡರಸ್ತೆಯಿಂದ ಬರುವ ಸ್ಕೂಟರು ನಿಮ್ಮ ಕಣ್ಣಿಗೆ ಹಿಂದೆ ಸರಿಯುತ್ತಿದ್ದರೆ ಭಯವಿಲ್ಲ, ಮುಂದೆ ಸರಿಯುತ್ತಿದ್ದರೂ ಭಯವಿಲ್ಲ. ಅದೇ ದಿಕ್ಕಿನಲ್ಲಿ ನಿಂತಂತೆ ಇದ್ದು ದೊಡ್ಡದಾಗುತ್ತ ಬಂದರೆ ಮಾತ್ರ ಬ್ರೇಕು ಹಿಡಿಯಬೇಕು. ಸಮುದ್ರದಲ್ಲಿಯೂ ನಿಯಮ ಅದೇ. ನಾವು ಕಲಿಯುವಾಗ ಮೇಣದ ಪೆನ್ಸಿಲಿನಿಂದ ಆರು ಆರು ನಿಮಿಷಗಳಿಗೊಮ್ಮೆ ಚುಕ್ಕೆಯನ್ನು ಗುರುತಿಸುತ್ತಿದ್ದೆವು. ಆರು ನಿಮಿಷವೆಂದರೆ ಗಂಟೆಯ ಹತ್ತನೆಯ ಒಂದು ಭಾಗ. 14 ನಾಟ್ ವೇಗದ ಹಡಗು ಅಷ್ಟರಲ್ಲಿ 1.4 ಮೈಲಿ ಹೋಗಿರುತ್ತದೆ, ಲೆಕ್ಕಕ್ಕೆ ಸುಲಭ. ಮೂರು ಗುರುತುಗಳನ್ನು ಸೇರಿಸಿ ಗೆರೆಯೆಳೆದರೆ ಅದು ನಮ್ಮಿಂದ ಎಷ್ಟು ದೂರದಲ್ಲಿ, ಎಷ್ಟು ಹೊತ್ತಿಗೆ ಹಾದುಹೋಗುವುದೆಂದು ಸಿಕ್ಕುತ್ತದೆ.

ಹೀಗೆ ಗೆರೆಯೆಳೆಯದಿದ್ದರೆ ಏನಾಗುವುದೆಂಬುದಕ್ಕೆ ನಮ್ಮ ಶಿಕ್ಷಕರು ಹೇಳುತ್ತಿದ್ದುದು ಒಂದೇ ಕಥೆ. 1956ನೆಯ ಜುಲೈ 25ರ ರಾತ್ರಿ, ಅಮೆರಿಕದ ನಾಂಟಕೆಟ್ ದ್ವೀಪದ ಬಳಿ, ಇಟಲಿಯ 'ಆಂಡ್ರಿಯಾ ಡೋರಿಯಾ' ಮತ್ತು ಸ್ವೀಡನ್ನಿನ 'ಸ್ಟಾಕ್‌ಹೋಮ್' ಎಂಬ ಎರಡು ಪ್ರಯಾಣಿಕರ ಹಡಗುಗಳು ಡಿಕ್ಕಿ ಹೊಡೆದುವು. ಎರಡರಲ್ಲಿಯೂ ರಾಡಾರ್ ಇದ್ದಿತು, ಎರಡೂ ಪರಸ್ಪರ ಮೊದಲೇ ಕಂಡಿದ್ದುವು. ಇದು ಬಲಕ್ಕೆ ಹಾದುಹೋಗುವುದೆಂದು ಅವರು, ಎಡಕ್ಕೆ ಹಾದುಹೋಗುವುದೆಂದು ಇವರು. 'ಆಂಡ್ರಿಯಾ ಡೋರಿಯಾ'ದಲ್ಲಿ ಚುಕ್ಕೆಯನ್ನು ಕಾಗದದ ಮೇಲೆ ಇಳಿಸಿರಲಿಲ್ಲ. 51 ಮಂದಿ ಸತ್ತರು; ಆ ಭವ್ಯವಾದ ಹಡಗು ಮರುದಿನ ಬೆಳಿಗ್ಗೆ ಮುಳುಗಿತು.

ಆಮೇಲೆ ಈ ಕೆಲಸಕ್ಕೂ ಯಂತ್ರ ಬಂದಿತು. 1984ರಿಂದ ಹತ್ತು ಸಾವಿರ ಟನ್ನಿಗೆ ಕಡಮೆಯಿಲ್ಲದ ಹೊಸ ಹಡಗುಗಳಲ್ಲಿ ಅದು ಕಡ್ಡಾಯವೂ ಆಯಿತು. ಪುಟ್ಟದೊಂದು ಕೋಲನ್ನು ಆಡಿಸಿ ಚುಕ್ಕೆಯ ಮೇಲೆ ಗುರುತಿಟ್ಟು ಗುಂಡಿಯೊತ್ತಿದರೆ ಯಂತ್ರ ಅದನ್ನು ಹಿಡಿದುಕೊಳ್ಳುತ್ತದೆ. ಒಂದು ನಿಮಿಷಕ್ಕೆ ಅದರ ಚಲನೆಯ ಸುಳಿವು, ಮೂರು ನಿಮಿಷಕ್ಕೆ ದಿಕ್ಕು, ವೇಗ, ಸಮೀಪಿಸುವ ದೂರ, ಸಮಯ, ಎಲ್ಲವೂ ಸಿದ್ಧ. ಅಲ್ಲಿಂದಾಚೆಗೆ ಚುಕ್ಕೆ ಎಲ್ಲಿ ಹೋದರೂ ಬೆನ್ನು ಹತ್ತುತ್ತದೆ. ಮೇಣದ ಪೆನ್ಸಿಲು ಮೇಜಿನ ಖಾನೆಯಲ್ಲಿ ಒಣಗತೊಡಗಿತು.

1986ರ ನವೆಂಬರಿನಲ್ಲಿ ನಾನಿದ್ದ ಹಡಗು ಮುಂಬಯಿಯಿಂದ ಮದರಾಸಿಗೆ ಹೊರಟಿದ್ದಿತು. ನಾನು ಎರಡನೆಯ ಅಧಿಕಾರಿ, ನಡುರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ಪಹರೆ. ನನ್ನ ಜೊತೆಗೆ ಕಾವಲಿಗೆ ಇದ್ದವನು ಗಂಗೊಳ್ಳಿಯ ಕಡೆಯ ನಾವಿಕ; ವಯಸ್ಸು ಐವತ್ತು ದಾಟಿದ್ದೀತು. ಅವನ ತಂದೆ, ಅಣ್ಣಂದಿರು ಎಲ್ಲರೂ ಮೀನಿನ ದೋಣಿಯವರು. ನಾನು ಕನ್ನಡದವನೆಂದು ತಿಳಿದ ಮೇಲೆ 'ಸಾಬ್' ಬಿಟ್ಟು 'ಸಾಹೇಬ್ರೆ' ಎನ್ನತೊಡಗಿದ್ದ. ಕೊಲ್ಲಮಿನ ಪಶ್ಚಿಮಕ್ಕೆ ಬಂದಾಗ ದೂರದಲ್ಲಿ ಮಿಂಚುತ್ತಿದ್ದಿತು. ಆ ಕಡಲು ಮೀನಿಗೆ ಹೆಸರಾದುದು, ದೋಣಿಗಳಿಗೂ.

1 ಗಂಟೆ 6 ನಿಮಿಷಕ್ಕೆ ಐದೂವರೆ ಮೈಲಿ ದೂರದಲ್ಲಿ, ನೇರ ಎದುರಿಗೆ, ಒಂದು ಸಣ್ಣ ಚುಕ್ಕೆ ಮಿಣುಕಿತು. ಮರದ ದೋಣಿ ರಾಡಾರಿನ ಅಲೆಯನ್ನು ಕಬ್ಬಿಣದಂತೆ ಹಿಂತಿರುಗಿಸದು. ಒಂದು ಸುತ್ತಿನಲ್ಲಿ ಕಂಡರೆ ಮರುಸುತ್ತಿನಲ್ಲಿಲ್ಲ. ನಾನು ಯಂತ್ರಕ್ಕೆ ಅದನ್ನು ಒಪ್ಪಿಸಿದೆ. ಅದರಾಚೆ ನಮ್ಮೆದುರಿಗೆ ಬರುತ್ತಿದ್ದ ದೊಡ್ಡ ತೈಲದ ಹಡಗೊಂದನ್ನು ಆಗಲೇ ಒಪ್ಪಿಸಿಯಾಗಿತ್ತು. 1 ಗಂಟೆ 12ಕ್ಕೆ ದೋಣಿ ನಾಲ್ಕು ಮೈಲಿ; ಬಲೆ ಹಾಕಿ ನಿಂತಿದೆಯೆಂದು ಯಂತ್ರ ಹೇಳಿತು. ತೈಲದ ಹಡಗು ದಾಟಲಿ, ಆಮೇಲೆ ಬಲಕ್ಕೆ ತಿರುಗಿಸಿ ದೋಣಿಯನ್ನು ಬಿಟ್ಟು ಹೋಗೋಣವೆಂದು ನಿಶ್ಚಯಿಸಿದೆ.

ತೈಲದ ಹಡಗು ದೋಣಿಯನ್ನು ಸವರಿಕೊಂಡಂತೆ ಬಂದು, ನಮಗೆ ದಾರಿ ಬಿಡಲು ತನ್ನ ಬಲಕ್ಕೆ ಹೊರಳಿತು. ಮರುಕ್ಷಣವೆಂಬಂತೆ ಮಳೆ ಬಂದಿತು. ತೆರೆಯ ಅರ್ಧಭಾಗ ಹತ್ತಿ ಹರಡಿದಂತೆ ಬೆಳ್ಳಗಾಯಿತು. ನಾನು ಮಳೆಯ ಕಲೆ ಅಳಿಸುವ ಗುಂಡಿಯನ್ನು ತಿರುಗಿಸಿದೆ, ಅಲೆಗಳ ಕಲೆ ಅಳಿಸುವುದನ್ನೂ ತಿರುಗಿಸಿದೆ. ತೆರೆ ತಿಳಿಯಾಯಿತು. ದೋಣಿಯ ಗುರುತು ಈಗ ಎಡಕ್ಕೆ ಸರಿದಿದ್ದಿತು. ಒಂದು ಮೈಲಿ ದೂರದಲ್ಲಿ ಹಾದುಹೋಗುವುದೆಂದು ಯಂತ್ರ ತೋರಿಸಿತು. ದೋಣಿ ಬಲೆಯೆತ್ತಿ ಹೊರಟಿತು, ಒಳ್ಳೆಯದೇ ಆಯಿತೆಂದುಕೊಂಡು, ಪರದೆಯ ಹಿಂದಿನ ನಕ್ಷೆಯ ಮೇಜಿಗೆ ಹೋಗಿ ನಮ್ಮ ಸ್ಥಾನವನ್ನು ಗುರುತಿಸುತ್ತ ಕುಳಿತೆ.

ನಡೆದುದು ಇಷ್ಟು. ದೊಡ್ಡ ಚುಕ್ಕೆ ಸಣ್ಣ ಚುಕ್ಕೆಯ ಮಗ್ಗುಲಲ್ಲಿ ಹಾಯುವಾಗ, ಸಣ್ಣದನ್ನು ಹಿಡಿದಿದ್ದ ಯಂತ್ರದ ಕೈ ಜಾರಿ ದೊಡ್ಡದನ್ನು ಹಿಡಿಯಿತು. ಜಾತ್ರೆಯಲ್ಲಿ ತಾಯಿಯ ಸೆರಗು ಬಿಟ್ಟು ಇನ್ನಾರದೋ ಸೆರಗು ಹಿಡಿದು ನಡೆಯುವ ಮಗುವಿನಂತೆ. ಎರಡು ಗುರುತುಗಳೂ ಒಂದೇ ಹಡಗಿಗೆ ಅಂಟಿಕೊಂಡಿದ್ದುವು. ನಾನು ದೂರವನ್ನು ಓದಿದೆನೇ ಹೊರತು ವೇಗವನ್ನು ಓದಲಿಲ್ಲ. ಓದಿದ್ದರೆ, ಮೀನಿನ ದೋಣಿ 15 ನಾಟ್ ವೇಗದಲ್ಲಿ ಹೇಗೆ ಓಡಿತೆಂಬ ಸಂದೇಹವಾದರೂ ಬರುತ್ತಿದ್ದಿತು. ನಿಜವಾದ ದೋಣಿ ಇದ್ದಲ್ಲಿಯೇ ಇದ್ದಿತು. ಅದರ ಬಡಚುಕ್ಕೆಯನ್ನು ಮಳೆಯೊಂದಿಗೆ ನಾನೇ ಅಳಿಸಿದ್ದೆ.

"ಸಾಹೇಬ್ರೆ, ದೀಪ! ಎದುರಿಗೇ!"

ಅವನು ಮಳೆಯಲ್ಲಿ ಹೊರಗಿನ ಕಟಾಂಜನದ ಬಳಿ ನಿಂತಿದ್ದ. ಒಳಗೆ ನಿಂತು ಕಾಯಬಹುದೆಂದು ನಾನೇ ಹೇಳಿದ್ದರೂ ಒಳಗೆ ಬಂದಿರಲಿಲ್ಲ. ಹೊರಗೆ ಓಡಿದೆ. ಅರ್ಧ ಮೈಲಿಯಲ್ಲಿ ಒಂದು ಹಳದಿ ಬೆಳಕು ಏಳುತ್ತ ಬೀಳುತ್ತ ಇದ್ದಿತು. ನಮ್ಮ ವೇಗಕ್ಕೆ ಅದು ಎರಡು ನಿಮಿಷದ ದಾರಿ. ಚುಕ್ಕಾಣಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದೆವು. ತುಂಬಿದ ಹಡಗು ಮಾತು ಕೇಳುವುದಕ್ಕೆ ತೆಗೆದುಕೊಳ್ಳುವ ಹೊತ್ತು ಎಷ್ಟು ದೀರ್ಘವೆಂಬುದನ್ನು ನಾನು ಅಂದೇ ಅರಿತುದು. ಕೊನೆಗೆ ಮೂತಿ ಹೊರಳಿತು. ದೋಣಿ ನಮ್ಮ ಎಡಮಗ್ಗುಲಲ್ಲಿ ನೂರು ಗಜದಲ್ಲಿ ಹಾದುಹೋಯಿತು. ನಮ್ಮ ದೀಪ ಹಾಯಿಸಿದಾಗ ಕಂಡೆ: ಒಬ್ಬ ಲಾಂದ್ರವನ್ನು ಎತ್ತಿ ಆಡಿಸುತ್ತಿದ್ದ. ಇನ್ನು ನಾಲ್ಕೈದು ಮಂದಿ ತಾಡಪಾಲಿನ ಕೆಳಗೆ ಮಲಗಿದ್ದವರು ಆಗತಾನೆ ತಲೆಯೆತ್ತಿದರು.

ಬಹಳ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆ ಅವನು, ನನ್ನನ್ನು ದೂರುವ ಧ್ವನಿಯಲ್ಲಲ್ಲ, ಸುಮ್ಮನೆ, "ನಮ್ಮನೆಯೋರೂ ಹೀಂಗೇ ಮಲ್ಕಂಡಿರ್ತ್ರು" ಎಂದ.

ಹಡಗು ಹೊರಳಿದ ರಭಸಕ್ಕೆ ಎಚ್ಚತ್ತು ಕಪ್ತಾನರು ಮೇಲೆ ಬಂದಿದ್ದರು. ನಾನು ಇದ್ದುದನ್ನು ಇದ್ದಂತೆ ಹೇಳಿದೆ. ಬಯ್ಯುವರೆಂದು ಕಾದೆ, ಬೈದಿದ್ದರೆ ನನಗೆ ಹಗುರವಾಗುತ್ತಿದ್ದಿತು. ಅವರು ಖಾನೆಯನ್ನೆಳೆದು ಪೆನ್ಸಿಲನ್ನೂ ಒಂದು ಹಾಳೆಯನ್ನೂ ತೆಗೆದು ನನ್ನ ಮುಂದಿಟ್ಟರು. "ದೋಣಿಯ ದಾರಿಯನ್ನು ಬರೆಯಿರಿ. ಯಂತ್ರ ಹೇಳಿದುದನ್ನಲ್ಲ, ನೀವು ಕಣ್ಣಾರೆ ಕಂಡದ್ದನ್ನು ಮಾತ್ರ." ದಿನಚರಿ ಪುಸ್ತಕದಲ್ಲಿಯೂ ಎಲ್ಲವನ್ನೂ ಬರೆಯಿಸಿ, ತಾವೇ ಚಹ ತರಿಸಿ, ನಾಲ್ಕರವರೆಗೆ ನನ್ನ ಜೊತೆಯಲ್ಲಿಯೇ ನಿಂತರು. ಕಾವಲಿನವನಿಗೂ ಒಂದು ಲೋಟ ಚಹ ಹೊರಗೆ ಹೋಯಿತು.

ಮುಂದೆ ಇಪ್ಪತ್ತೆರಡು ವರ್ಷ ದುಡಿದೆ. ಯಂತ್ರಗಳು ಸುಧಾರಿಸಿದುವು, ಹಡಗುಗಳು ತಾವಾಗಿ ತಮ್ಮ ಹೆಸರು ಹೇಳಿಕೊಳ್ಳುವ ಏರ್ಪಾಡೂ ಬಂದಿತು. ಮೊಮ್ಮಗನ ಫೋನಿನಲ್ಲಿ ಕಾಣುವುದು ಅದೇ.

ಆ ಹಾಳೆ ನನ್ನ ಟ್ರಂಕಿನಲ್ಲಿದ್ದಿತು. ಅವನ ಪ್ರಶ್ನೆಗೆ ಉತ್ತರವಾಗಿ ಅದನ್ನೇ ತೆಗೆದು ತೋರಿಸಿದೆ. 1 ಗಂಟೆ 6ಕ್ಕೆ ಒಂದು ಚುಕ್ಕೆ, 12ಕ್ಕೆ ಒಂದು ಚುಕ್ಕೆ, ಆಮೇಲೆ ಬಿಳಿಯ ಕಾಗದ, 27ಕ್ಕೆ ನಡುವಿನ ಬಿಂದುವಿನ ತೀರ ಹತ್ತಿರ ಇನ್ನೊಂದು. ಹುಡುಗ ಬಹಳ ಹೊತ್ತು ನೋಡಿದ. ಬೆರಳನ್ನು ಆ ಬಿಳಿಯ ಜಾಗದ ಮೇಲಿಟ್ಟು, "ಇಲ್ಲಿ ಯಾಕೆ ಏನೂ ಬರೆದಿಲ್ಲ ಅಜ್ಜ?" ಎಂದ.

"ಆಗ ನಾನು ನೋಡುತ್ತಿರಲಿಲ್ಲ ಮಗೂ" ಎಂದೆ.