ಬಾಟಲಿ, ಒಳಲೆ ಮತ್ತು ನಮ್ಮ ಪುಟ್ಟಿ

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಒಬ್ಬಿಬ್ಬರು ಗೆಳತಿಯರು "ಇದೀಯೇನೇ?" ಅಂತ ಮೇಲ್ ಕೂಡಾ ಹಾಕಿದ್ರು. ಇದೀನಿ.. ಆದ್ರೆ ಮನೇಲಿ ಏಳು ತಿಂಗಳ ಪುಟ್ಟಿ ಇದ್ದಾಳೆ. ಎರಡು ಕೈಯೂ ಒಟ್ಟಿಗೆ ಖಾಲಿಯಾಗೋದು ಅವಳು ಮಲಗಿದಾಗ ಮಾತ್ರ :)

ಇವತ್ತು ಬರೀತಿರೋದು ಅವಳ ಹಾಲಿನ ಕಥೆ. ಕೆಲಸಕ್ಕೆ ಹೋಗೋ ಅಮ್ಮಂದಿರು ಯಾರಾದ್ರೂ ಓದ್ತಿದ್ರೆ ಅವರಿಗೆ ಉಪಯೋಗವಾದೀತು ಅಂತ ಸ್ವಲ್ಪ ವಿವರವಾಗೇ ಬರೀತೀನಿ. ಅಣ್ಣತಮ್ಮಂದಿರು ಮುಜುಗರ ಪಟ್ಕೊಂಡು ಓಡಬೇಡಿ, ಈ ಕಥೆಯಲ್ಲಿ ನಿಮಗೂ ಕೆಲಸ ಇದೆ.

ಮೊದಲು ಊರಿನ ಬಗ್ಗೆ ಒಂದು ಮಾತು. ನಮ್ಮದು ಕೊಪ್ಪ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ಅಲ್ಲ ಮಾರಾಯ್ರೇ, ಪಿರಿಯಾಪಟ್ಟಣ ತಾಲ್ಲೂಕಿನದು. ಮೈಸೂರಿಂದ ಮಡಿಕೇರಿಗೆ ಹೋಗೋವಾಗ ಬೈಲಕುಪ್ಪೆ ದಾಟಿದ ಮೇಲೆ, ಕಾವೇರಿ ಸೇತುವೆಗೆ ಮುಂಚೆ ಸಿಗುತ್ತೆ. ಸೇತುವೆ ದಾಟಿದ್ರೆ ಕುಶಾಲನಗರ, ಜಿಲ್ಲೆಯೇ ಬೇರೆ. ನನ್ನ ಕೆಲಸ ಇರೋದು ಹುಣಸೂರಿನ ಒಂದು ಬ್ಯಾಂಕಿನಲ್ಲಿ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿದ್ರೆ ವಾಪಸ್ಸು ಮನೆ ಮುಟ್ಟೋದು ಸಂಜೆ ಆರೂವರೆಗೆ. ಹತ್ತೂವರೆ ಗಂಟೆ ಮಗು ಬಿಟ್ಟಿರಬೇಕು.

2017ರಲ್ಲಿ ತಿದ್ದುಪಡಿ ಆಗಿ 12 ವಾರ ಇದ್ದ ಹೆರಿಗೆ ರಜೆ 26 ವಾರ ಆಯ್ತಲ್ಲ, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದಕ್ಕೂ ಇದಕ್ಕೂ ಲೆಕ್ಕ ಸರಿಯಾಗಿ ಕೂರುತ್ತೆ. ಆದ್ರೆ ಆ 26ರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತಗೋಬಹುದು. ನನಗೆ ಬಿ.ಪಿ. ಏರಿ ಡಾಕ್ಟ್ರು ಮಲಗಿರಿ ಅಂದಿದ್ರಿಂದ ಏಳು ವಾರ ಮುಂಚೇನೇ ಖರ್ಚಾಗಿ ಹೋಯ್ತು. ಉಳಿದದ್ದು 19. ಅಂದ್ರೆ ಪುಟ್ಟಿಗೆ ನಾಲ್ಕೂವರೆ ತಿಂಗಳಾಗೋ ಹೊತ್ತಿಗೆ ನಾನು ಕೌಂಟರಿನಲ್ಲಿ ಕೂತಿರಬೇಕು.

ಕೆ.ಆರ್. ನಗರದಲ್ಲಿ ಅಮ್ಮನ ಮನೆಯಲ್ಲಿ ಬಾಣಂತನ ಮುಗಿಸಿ ಮೂರು ತಿಂಗಳಿಗೆ ಕೊಪ್ಪಕ್ಕೆ ಬಂದೆ. ಒಂದು ಪಂಪು, ಎರಡು ಬಾಟಲಿ ತರಿಸಿದ್ದಾಯ್ತು. ಹಾಲು ಹಿಂಡಿ ಇಟ್ಟು ಹೋಗೋದು, ಅತ್ತೆ ಕುಡಿಸೋದು. ಕಾಗದದ ಮೇಲೆ ಬಹಳ ಚೆಂದದ ಪ್ಲ್ಯಾನು!

ಪುಟ್ಟಿ ಬಾಟಲಿ ನೋಡಿದ್ಲು. ನಿಪ್ಪಲ್ ತುಟಿಗೆ ತಾಗಿದ್ದೇ ತಡ, ಬೇವಿನ ಕಷಾಯ ಹಾಕಿದ ಹಾಗೆ ಮುಖ ಮಾಡಿ ನಾಲಿಗೆಯಲ್ಲಿ ಹೊರಗೆ ತಳ್ಳಿದ್ಲು. ಇನ್ನೊಂದು ಸಲ ಇಟ್ರೆ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಕಿರುಚಾಟ. ಮೂರು ದಿನ ಇದೇ ಆಯ್ತು. ನಾಲ್ಕನೇ ದಿನ ಬಾಟಲಿ ಕಣ್ಣಿಗೆ ಬಿದ್ರೇನೇ ಅಳು ಶುರು.

"ಹಸಿವಾದ್ರೆ ತಾನಾಗೇ ಕುಡೀತದೆ ಬಿಡು" ಅಂದವರು ಬಹಳ ಜನ. "ಡಬ್ಬದ ಪೌಡ್ರು ಶುರು ಮಾಡು, ಎಲ್ಲಾ ಸರಿಹೋಗುತ್ತೆ" ಅಂದವರು ಇನ್ನೂ ಜಾಸ್ತಿ. ಸಮಸ್ಯೆ ಹಾಲಿನದ್ದಲ್ಲ, ಹಾಲು ಬರೋ ದಾರಿಯದ್ದು. ಎದೆಹಾಲನ್ನೇ ಬಾಟಲಿಯಲ್ಲಿ ಕುಡಿಯದ ಕೂಸು ಪೌಡರ್ ಹಾಲನ್ನ ಯಾಕೆ ಕುಡೀತಾಳೆ? ಪೌಡರ್ ವಿಷ ಅಂತಲ್ಲ, ಬೇಕಾದವರಿಗೆ ಡಾಕ್ಟ್ರೇ ಬರೆದು ಕೊಡ್ತಾರೆ. ಆದ್ರೆ ಅದು ಒಳಗೆ ಬಂದಷ್ಟೂ ಎದೆಯಲ್ಲಿ ಹಾಲು ಇಳಿಮುಖ. ಬಾಟಲಿ, ಪೌಡರುಗಳ ಜಾಹೀರಾತನ್ನ ನಮ್ಮ ದೇಶದಲ್ಲಿ 1992ರ ಕಾನೂನೇ ನಿಷೇಧಿಸಿದೆ. ಅಕ್ಕಪಕ್ಕದ ಮನೆಯವರ ಬಾಯಿಗೆ ಯಾವ ಕಾನೂನೂ ಇಲ್ಲವಲ್ಲ :)

ಆಮೇಲೆ ಕುಶಾಲನಗರದ ಮಕ್ಕಳ ಡಾಕ್ಟ್ರ ಹತ್ರ ಹೋದ್ವಿ. ಅವರು ವಿವರಿಸಿದ ಮೇಲೆ ಪುಟ್ಟಿಯ ಕಡೆಯ ನ್ಯಾಯ ಅರ್ಥ ಆಯ್ತು. ಎದೆಯಲ್ಲಿ ಕೂಸು ತೊಟ್ಟನ್ನ ಬಾಯೊಳಗೆ ಆಳಕ್ಕೆ ಎಳ್ಕೊಂಡು, ನಾಲಿಗೆಯನ್ನ ಅಲೆಯ ಹಾಗೆ ಆಡಿಸುತ್ತೆ. ಮೊದಲು ಸ್ವಲ್ಪ ಚೀಪಬೇಕು, ಆಮೇಲೆ ಹಾಲು ಇಳಿಯುತ್ತೆ, ಬೇಕಾದಾಗ ನಿಲ್ಲಿಸಬಹುದು. ಬಾಟಲಿ ಬಗ್ಗಿಸಿದ್ರೆ ಕೇಳೋರಿಲ್ಲ, ಹಾಲು ತಾನಾಗೇ ಸುರಿಯುತ್ತೆ. ಅದೂ ಅಲ್ಲದೆ ಹುಟ್ಟಿದಾಗ ಬಾಯಿಗೇನು ಬಂದ್ರೂ ಚೀಪೋ ಸಹಜ ಗುಣ ಮೂರು ನಾಲ್ಕು ತಿಂಗಳಿಗೆ ಕಮ್ಮಿಯಾಗಿ, ಆಮೇಲೆ ಚೀಪೋದು ಬಿಡೋದು ಅದರ ಇಷ್ಟ. ಪುಟ್ಟಿ ಆ ಇಷ್ಟ ಚಲಾಯಿಸ್ತಿದ್ಲು ಅಷ್ಟೇ.

ಅವರು ಹೇಳಿದ್ದು ಇಷ್ಟು. ತಾಯಿ ಕುಡಿಸಬಾರದು, ತಾಯಿ ಎದುರಿಗೂ ಇರಬಾರದು. ಎದೆಯ ವಾಸನೆ ಸಿಗ್ತಿರೋವಾಗ ಪ್ಲಾಸ್ಟಿಕ್ಕು ಯಾರಿಗೆ ಬೇಕು? ಹಸಿದು ಅಳೋವಾಗ ಕೊಡಬಾರದು, ಅರ್ಧ ಹಸಿವಿನಲ್ಲಿ ಖುಷಿಯಾಗಿರೋವಾಗ ಕೊಡಬೇಕು. ನಿಧಾನ ಹರಿವಿನ ನಿಪ್ಪಲ್ಲು, ಅದನ್ನ ಬಿಸಿನೀರಲ್ಲಿ ಅದ್ದಿ ಬೆಚ್ಚಗೆ ಮಾಡಿರಬೇಕು. ಕೂಸನ್ನ ಹೆಚ್ಚುಕಮ್ಮಿ ಕೂರಿಸಿದ ಹಾಗೆ ಹಿಡ್ಕೊಂಡು, ಬಾಟಲಿ ಅಡ್ಡಕ್ಕೆ ಇಟ್ಟು, ತುಟಿಗೆ ತಾಗಿಸಿ ಅದೇ ಬಾಯಿ ತೆರೆಯೋವರೆಗೆ ಕಾಯಬೇಕು. ನಾಲ್ಕು ಗುಟುಕಿಗೊಮ್ಮೆ ಬಾಟಲಿ ಇಳಿಸಿ ಉಸಿರಾಡೋಕೆ ಬಿಡಬೇಕು. ಅತ್ತರೆ ಅವತ್ತಿಗೆ ಬಂದ್. ಬಲವಂತ ಮಾತ್ರ ಯಾವತ್ತೂ ಇಲ್ಲ.

ಸರಿ, ದಿನಾ ಹನ್ನೊಂದು ಗಂಟೆಗೆ ನಾನು ಮನೆ ಬಿಟ್ಟು ಹೊಳೆ ಕಡೆ ನಡ್ಕೊಂಡು ಹೋಗೋದು. ಅರ್ಧ ಗಂಟೆ ಕಳೆದು ಬಂದ್ರೆ ಅತ್ತೆಯ ಮುಖ ನೋಡಿದ್ರೇ ಗೊತ್ತಾಗೋದು. "ಅದ್ಯಾಕವ್ವ ಆ ಪ್ಲಾಸ್ಟಿಕ್ಕು, ಕೂಸಿಗೆ ಗೊತ್ತಾಗಕಿಲ್ವಾ?" ಅನ್ನೋರು.

ಇದರ ನಡುವೆ ಇನ್ನೊಂದು ವಿಚಿತ್ರ. ಆಗಷ್ಟೇ ಹಿಂಡಿದ ಹಾಲಾದ್ರೆ ಎರಡು ಗುಟುಕಾದ್ರೂ ಕುಡಿಯೋಳು, ಹಿಂದಿನ ದಿನ ಫ್ರಿಜ್ಜಿನಲ್ಲಿಟ್ಟದ್ದಾದ್ರೆ ಉಗಿಯೋಳು. ನಾನೇ ಒಂದು ತೊಟ್ಟು ನಾಲಿಗೆಗೆ ಹಾಕಿ ನೋಡಿದೆ. ಸೋಪಿನ ನೀರು! ಕೆಲವರ ಹಾಲು ಹೀಗೇ ಅಂತೆ. ಹಾಲಿನಲ್ಲೇ ಇರೋ ಲೈಪೇಸ್ ಅನ್ನೋ ಕಿಣ್ವ ಇಟ್ಟ ಮೇಲೂ ಕೊಬ್ಬನ್ನ ಒಡೀತಾ ಇರುತ್ತೆ. ಹಾಲು ಕೆಟ್ಟಿರೋದಿಲ್ಲ, ರುಚಿ ಮಾತ್ರ ಬದಲಾಗುತ್ತೆ. ಹಿಂಡಿದ ಕೂಡಲೇ ಅಂಚಿನಲ್ಲಿ ಸಣ್ಣ ಗುಳ್ಳೆ ಬರೋವರೆಗೆ ಬಿಸಿ ಮಾಡಿ (ಉಕ್ಕಿಸಬಾರದು) ಬೇಗ ತಣಿಸಿ ಇಟ್ರೆ ಆ ವಾಸನೆ ಬರೋದಿಲ್ಲ. ಹಾಗೆ ಮಾಡಿದ್ರೆ ಹಾಲಿನ ಒಳ್ಳೆ ಗುಣ ಸ್ವಲ್ಪ ಹೋಗುತ್ತೆ, ಅದಕ್ಕೇ ಮಗು ತಣ್ಣನೆ ಹಾಲು ಬೇಡ ಅಂದ್ರೆ ಮಾತ್ರ ಈ ಉಪಾಯ. ನಮಗೆ ಇದು ಬೇಕೇ ಆಯ್ತು.

ಆದ್ರೂ ಬಾಟಲಿ ಹತ್ತು ಎಂ.ಎಲ್. ದಾಟಲಿಲ್ಲ. ರಜೆ ಮುಗಿಯೋಕೆ ಹದಿನೈದು ದಿನ ಉಳಿದಿತ್ತು. ರಾತ್ರಿ ನಿದ್ದೆ ಬರ್ತಿರಲಿಲ್ಲ. ಸಂಬಳ ಇಲ್ಲದ ರಜೆ ಕೇಳೋದಾ, ಕೆಲಸಾನೇ ಬಿಡೋದಾ ಅಂತ ಇವರೂ ನಾನೂ ಲೆಕ್ಕ ಹಾಕಿದ್ದೂ ಹಾಕಿದ್ದೇ. ಮನೆ ಸಾಲದ ಕಂತು ಇದೆ, ಏನು ಮಾಡೋದು..

ಆಗ ಅತ್ತೆ ತಮ್ಮ ಟ್ರಂಕಿನಿಂದ ಒಳಲೆ ತೆಗೆದ್ರು. ಬೆಳ್ಳಿಯದ್ದು, ನಮ್ಮೆಜಮಾನ್ರು ಕೂಸಾಗಿದ್ದಾಗ ಕುಡಿದದ್ದು, ಕೊಕ್ಕಿನ ಹತ್ರ ಚೂರು ನೆಗ್ಗಿದೆ. ನನಗೆ ಹೆದರಿಕೆಯಾಯ್ತು. ಚಿಕ್ಕಂದಿನಲ್ಲಿ ನಾನು ನೋಡಿದ ಒಳಲೆ ಅಂದ್ರೆ, ಕಾಲು ಚಾಚಿ ಕೂತು, ಕೂಸನ್ನ ಅಂಗಾತ ಮಲಗಿಸಿ, ಬಾಯಿ ಬಿಡದಿದ್ರೆ ಮೂಗು ಹಿಡಿದು ಹರಳೆಣ್ಣೆ ಹೊಯ್ಯೋದು. ಹಾಗೆ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿದ್ರೆ ನ್ಯುಮೋನಿಯಾ ಆಗುತ್ತೆ, ಇದು ಸುಮ್ಮನೆ ಹೆದರಿಸೋ ಮಾತಲ್ಲ.

ಡಾಕ್ಟ್ರಿಗೆ ಫೋನ್ ಮಾಡಿದ್ರೆ ಅವರು ನಕ್ಕರು. ಆಸ್ಪತ್ರೆಗಳಲ್ಲಿ ತೂಕ ಕಮ್ಮಿ ಇರೋ ಕೂಸುಗಳಿಗೆ ಇವತ್ತಿಗೂ ಇಂಥದ್ದರಲ್ಲೇ ಹಾಲು ಕುಡಿಸ್ತಾರಂತೆ. ತಮಿಳಿನ ಪಾಲಾಡೈ ಅನ್ನೋ ಹೆಸರಲ್ಲೇ ಡಾಕ್ಟರ ಪುಸ್ತಕಕ್ಕೂ ಸೇರಿದೆ. ಬಾಟಲಿಗಿಂತ ಬಟ್ಟಲು ಚಮಚ ಮೇಲು ಅಂತ ಸರ್ಕಾರದವರು ಹೇಳೋದೂ ಇದಕ್ಕೇ. ಬಾಯಿ ಅಗಲ ಇರೋದ್ರಿಂದ ಉಜ್ಜಿ ತೊಳೆದು ಕುದಿಸೋದು ಸುಲಭ, ನಿಪ್ಪಲ್ಲಿನ ಸಂದಿಯಲ್ಲಿ ಹಾಲು ಕೂತು ಭೇದಿಗೆ ದಾರಿಯಾಗೋ ಭಯ ಕಮ್ಮಿ. ಷರತ್ತು ಒಂದೇ, ಹೊಯ್ಯಬಾರದು. ಕೂಸು ಕೂತ ಹಾಗಿರಬೇಕು, ಕೊಕ್ಕು ಕೆಳತುಟಿಯ ಮೂಲೆಯಲ್ಲಿರಬೇಕು, ಸ್ವಲ್ಪ ಸ್ವಲ್ಪ ಬಿಟ್ಟು ನುಂಗಿದ ಮೇಲೆ ಮುಂದಿನದ್ದು.

ಅತ್ತೆಗೆ ಕೂರಿಸಿ ಕುಡಿಸೋದು ಹೊಸದು. "ನಾವೆಲ್ಲ ಮಲಗಿಸ್ಕೊಂಡೇ ಹಾಕ್ತಿದ್ವಲ್ಲ, ನಿನ್ ಗಂಡ ಚೆನ್ನಾಗಿಲ್ವಾ?" ಅಂತ ಒಂದು ಸುತ್ತು ವಾದ ಆಯ್ತು. ಆದ್ರೆ ಕಲಿತರು, ನನಗಿಂತ ಬೇಗ ಕಲಿತರು. ಮೊದಲನೇ ದಿನ ಗಲ್ಲದ ಮೇಲೆ ಸುರಿದದ್ದೇ ಹೆಚ್ಚು. ಐದನೇ ದಿನ ನಾನು ಹೊಳೆ ಕಡೆಯಿಂದ ಬಂದಾಗ ನಲವತ್ತು ಎಂ.ಎಲ್. ಮುಗಿಸಿ ತೇಗಿ ಅಜ್ಜಿಯ ಹೆಗಲ ಮೇಲೆ ನಿದ್ದೆ!

ಬಾಟಲಿ ಪೂರ್ತಿ ಸೋತಿತು ಅಂತೇನಿಲ್ಲ. ಅಪ್ಪ ಎತ್ಕೊಂಡು, ಮುಖ ಆಚೆ ಮಾಡಿ, ಕಿಟಕಿ ಹತ್ರ ನಿಂತು ರಸ್ತೆಯಲ್ಲಿ ಹೋಗೋ ಬಸ್ಸು ತೋರಿಸ್ತಾ ಇದ್ರೆ ಅರವತ್ತು ಎಂ.ಎಲ್. ವರೆಗೂ ಎಳೀತಾಳೆ. ಅಜ್ಜಿ ಕೊಟ್ರೆ ಬೇಡ. ಯಾಕೆ ಅಂತ ಕೇಳಬೇಡಿ :)

ಕೆಲಸಕ್ಕೆ ಹೋದ ಮೊದಲನೇ ವಾರ ಹಗಲು ಅವಳು ಕುಡಿದದ್ದು ಬಹಳ ಕಮ್ಮಿ. ರಾತ್ರಿಯಿಡೀ ಎದೆಗೆ ಅಂಟಿಕೊಂಡು ಬಾಕಿ ವಸೂಲಿ ಮಾಡೋಳು. ಹೀಗೆ ಹಗಲು ರಾತ್ರಿ ಅದಲು ಬದಲು ಮಾಡ್ಕೊಳ್ಳೋ ಕೂಸುಗಳು ಬೇಕಾದಷ್ಟಿವೆಯಂತೆ. ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಉಚ್ಚೆ ಹೊಯ್ತಿದ್ಲು, ತೂಕ ಏರ್ತಿತ್ತು, ಅದನ್ನ ನೋಡಿ ಸಮಾಧಾನ ತಂದ್ಕೊಂಡೆ. ಬ್ಯಾಂಕಿನಲ್ಲಿ ಊಟದ ಬಿಡುವು ಬಿಟ್ಟು ಎರಡು ಸಲ ಹಳೇ ಫೈಲುಗಳ ರೂಮಿನ ಬಾಗಿಲು ಹಾಕ್ಕೊಂಡು ಹಾಲು ಹಿಂಡೋದು. ಮಗುವಿಗೆ 15 ತಿಂಗಳು ತುಂಬೋವರೆಗೆ ದಿನಕ್ಕೆ ಎರಡು ಬಿಡುವು ಹಾಲುಣಿಸೋಕೆ ಅಂತ 1961ರ ಹೆರಿಗೆ ಕಾಯ್ದೆಯಲ್ಲೇ ಬಂದದ್ದು. ನಮ್ಮ ಶಾಖೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ, ಕೇಳಿದ ಮೇಲೆ ಕೊಟ್ರು. ನೀವೂ ಕೇಳಿ. ಹಿಂಡಿದ್ದನ್ನ ಐಸ್ ಪ್ಯಾಕ್ ಇರೋ ಚೀಲದಲ್ಲಿ ಇಟ್ಟು ತರ್ತೀನಿ, ಮಾರನೇ ದಿನಕ್ಕೆ ಆಗುತ್ತೆ. ಹೊರಗಿಟ್ರೆ ನಾಲ್ಕು ಗಂಟೆ, ನಮ್ಮ ಬೇಸಿಗೆಯಲ್ಲಿ ಇನ್ನೂ ಕಮ್ಮಿ ಅಂದ್ಕೊಳ್ಳಿ. ಫ್ರಿಜ್ಜಿನಲ್ಲಿ ನಾಲ್ಕು ದಿನ. ಬಿಸಿನೀರಿನಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡೋದು, ಮೈಕ್ರೋವೇವ್ ಬೇಡ.

ನಮ್ಮ ಬೀದಿಯ ಒಬ್ಬಾಕೆಗೆ ಪುಟ್ಟಿಯ ವಾರಗೆಯ ಗಂಡು ಕೂಸಿದೆ. ಹೊಗೆಸೊಪ್ಪು ಕೀಳೋ ಕೆಲಸಕ್ಕೆ ಹೋಗ್ತಾಳೆ. ಅವಳಿಗೆ 26 ವಾರವೂ ಇಲ್ಲ, ಎರಡು ಬಿಡುವೂ ಇಲ್ಲ. ಹಸಿ ಸೊಪ್ಪಿನ ನಿಕೋಟಿನ್ ಚರ್ಮದಿಂದ ಮೈಗೆ ಸೇರುತ್ತೆ, ಎದೆಹಾಲಿಗೂ ಇಳಿಯುತ್ತೆ. ಅದಕ್ಕೇ ಸೋಪು ಹಾಕಿ ಕೈ ತೊಳೆದು, ರವಿಕೆ ಸೀರೆ ಬದಲಿಸಿ ಹಾಲು ಕೊಡು, ಇಬ್ಬನಿ ಇರೋವಾಗ ತುಂಬುತೋಳಿನ ಅಂಗಿ ಹಾಕ್ಕೋ ಅಂತ ಹೇಳಿದೆ. ಅವಳು ಕೇಳಿದ್ದು ಬೇರೆ. "ಅಕ್ಕಾ, ಆ ಒಳಲೆ ಸ್ಟೀಲಿಂದು ಸಿಗ್ತದಾ?" ಕುಶಾಲನಗರದಲ್ಲಿ ಸಿಕ್ತು. ಅತ್ತೆಯೇ ಅವಳ ಅತ್ತೆಗೆ ಕೂರಿಸಿ ಕುಡಿಸೋದು ಹೇಗೆ ಅಂತ ತೋರಿಸಿ ಬಂದ್ರು, ತಾವೇ ಕಂಡುಹಿಡಿದ ಹಾಗೆ :)

ಈಗ ಪುಟ್ಟಿಗೆ ರಾಗಿ ಸರಿ ಶುರುವಾಗಿದೆ, ಹಗಲಿನ ಹಾಲಿನ ಚಿಂತೆ ಅರ್ಧ ಇಳಿದಿದೆ. ಒಳಲೆ ಇನ್ನೂ ದಿನಕ್ಕೆರಡು ಸಲ ಕುದಿಯೋ ನೀರಿಗೆ ಬೀಳ್ತಿದೆ. ಅಂದ ಹಾಗೆ, ಇದಕ್ಕೆ ನಮ್ಮ ಕಡೆ ಒಳಲೆ, ಒಳ್ಳೆ ಅಂತೆಲ್ಲಾ ಅಂತಾರೆ. ನಿಮ್ಮ ಕಡೆ, ಧಾರವಾಡ, ಕುಂದಾಪುರ, ಕಾಸರಗೋಡಿನ ಕಡೆ ಏನಂತಾರೆ? ಗೊತ್ತಿದ್ದವರು ತಿಳಿಸಿ.